ಜೊತೆಗೆ ಕಲಿತ ಧ್ಯಾನ

ಧ್ಯಾನವೆಂದರೆ ಕಾಡಿನಲ್ಲಿ ಒಬ್ಬಂಟಿಯಾಗಿ ಕಣ್ಣು ಮುಚ್ಚಿ ಕೂರುವುದೆಂದೇ ನಾವು ಭಾವಿಸಿದ್ದೇವೆ. ಪಾಲಿ ಭಾಷೆಯ ಆನಾಪಾನಸತಿ ಸುತ್ತ ಬೇರೆಯೇ ಚಿತ್ರ ಕೊಡುತ್ತದೆ. ಶ್ರಾವಸ್ತಿಯ ಪೂರ್ವಾರಾಮವದು, ವಿಶಾಖೆ ಎಂಬ ಗೃಹಸ್ಥೆ ಕಟ್ಟಿಸಿಕೊಟ್ಟ ವಿಹಾರ. ಅಲ್ಲಿ ಹಿರಿಯ ಭಿಕ್ಷುಗಳು ಒಬ್ಬೊಬ್ಬರೂ 10, 20, 30, 40 ಮಂದಿ ಹೊಸಬರಿಗೆ ಕಲಿಸುತ್ತಿದ್ದರು. ಇದನ್ನು ಕಂಡು ಸಂತುಷ್ಟರಾದ ಬುದ್ಧರು ಮಳೆಗಾಲದ ವಾಸ ಮುಗಿದರೂ ಹೊರಡದೆ ಕಾರ್ತಿಕ ಹುಣ್ಣಿಮೆಯವರೆಗೆ ಅಲ್ಲೇ ಉಳಿದರು. ಆ ರಾತ್ರಿ 16 ಹಂತಗಳ ಉಸಿರಿನ ಧ್ಯಾನವನ್ನು ವಿವರಿಸಿದರು. ಮೊದಲ ಹಂತವೆಂದರೆ ಉಸಿರನ್ನು ಬಿಗಿಹಿಡಿಯುವುದಲ್ಲ. ದೀರ್ಘ ಉಸಿರನ್ನು ದೀರ್ಘವೆಂದು ತಿಳಿಯುವುದು, ಅಷ್ಟೇ. ಇಷ್ಟು ಸರಳವಾದುದನ್ನು ಕಲಿಯಲೂ ಗುರು, ಜೊತೆಗಾರರು, ಯಾರೋ ಕೊಟ್ಟ ಸೂರು ಬೇಕಾಯಿತು. ಮನಶ್ಶಾಂತಿಯನ್ನು ಖಾಸಗಿ ಸೊತ್ತೆಂದು ಬಗೆದಿರುವ ನಾವು ಮರೆತಿರುವುದು ಇದನ್ನೇ.