ಬಾರದ ಕಾನೂನಿಗೆ ಹೆದರಿ ಹುಟ್ಟಿದ ಟಾಪ್

ಹಳೇ ಪೋರ್ಶೆ 911 ಟಾರ್ಗಾ ನೋಡಿದ್ದೀರಾ? ಅದರ ಟಾಪ್ ಕಳಚಿ, ಮಡಚಿ ಡಿಕ್ಕಿಯಲ್ಲಿಡಬಹುದು.

ಇದು ಹುಟ್ಟಿದ್ದು ಭಯದಿಂದ. ತೆರೆದ ಕಾರು ಮಗುಚಿದರೆ ಪ್ರಾಣಕ್ಕೇ ಅಪಾಯ, ಹಾಗಾಗಿ ಅಮೆರಿಕ ಅವನ್ನ ನಿಷೇಧಿಸಬಹುದು ಅನ್ನೋ ಆತಂಕ 1960ರ ದಶಕದಲ್ಲಿತ್ತು. 1965ರಲ್ಲಿ ಪೋರ್ಶೆ ಸೀಟಿನ ಹಿಂದೆ ಗಟ್ಟಿ ಉಕ್ಕಿನ ಕಮಾನು ಕೂರಿಸಿ, ಅದರ ಮುಂದಿನ ಟಾಪ್ ತೆಗೆಯೋ ಹಾಗೆ ಮಾಡ್ತು. ಸಿಸಿಲಿಯ ಟಾರ್ಗಾ ಫ್ಲೋರಿಯೊ ರೇಸಿನ ಹೆಸರಿಟ್ಟರು. ನಿಷೇಧ ಬರಲೇ ಇಲ್ಲ, ಟಾಪ್ ಉಳೀತು.

ವರ್ಷಗಟ್ಟಲೆ ಬಿಸಿಲಿಗೆ ಅದರ ವಿನೈಲ್ ಹೊದಿಕೆ ಕುಗ್ಗುತ್ತೆ, ಹೊಲಿಗೆ ಬಿಡುತ್ತೆ, ನೀರು ಸೋರುತ್ತೆ. ಆಗ ಅದನ್ನ ಬಿಚ್ಚಿ, ಅಂಟು ಕೆರೆದು, ಫ್ರೇಮಿನ ತುಕ್ಕು ತೆಗೆದು, ಹೊಸದನ್ನ ಬಿಗಿಯಾಗಿ ಎಳೆದು ಅಂಟಿಸ್ತಾರೆ. ಹೊದಿಕೆ ಹೊಸದಾದ್ರೆ ಪರವಾಗಿಲ್ಲ, ಫ್ರೇಮ್ ಮಾತ್ರ ಹಳೇದೇ ಇರಲಿ. ಆ ಭಯದ ಕಾಲಕ್ಕೆ ಸಾಕ್ಷಿ ಅದೇ ಅಲ್ವಾ?