ಮಲೆನಾಡಿನ ಕಾದಂಬರಿಗಳಲ್ಲಿ ಹರೆಯದ ಪಾತ್ರಗಳು

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳು ಹಾಗೂ ಅವಕ್ಕೆ ಹೊಂದಿಕೊಂಡ ತೀರ್ಥಹಳ್ಳಿ, ಮೂಡಿಗೆರೆ ಸೀಮೆಯ ಬದುಕನ್ನು ಆಧರಿಸಿದ ಕನ್ನಡ ಕಾದಂಬರಿಗಳಲ್ಲಿ ಬಾಲ್ಯ ಕಳೆದು ಹರೆಯಕ್ಕೆ ಕಾಲಿಟ್ಟ ಪಾತ್ರಗಳು ಬೆಳೆದ ಬಗೆಯನ್ನೂ ಅವುಗಳ ಸ್ವಭಾವ ಓದುಗರಿಗೆ ತೆರೆದುಕೊಂಡ ಬಗೆಯನ್ನೂ ಈ ಲೇಖನ ಪರಿಶೀಲಿಸುತ್ತದೆ. ಈ ಪರಂಪರೆಯ ಮುಖ್ಯ ಕೃತಿಗಳು 1936ರಿಂದ 1985ರ ನಡುವೆ ಬಂದವು. ಅವುಗಳಲ್ಲಿ ಹರೆಯದವರ ಗುಣಾವಗುಣಗಳು ಅವರ ಅಂತರಂಗದ ಮಾತಿಗಿಂತ ಹೆಚ್ಚಾಗಿ ಮನೆತನದ ಪಾಲು, ಮದುವೆಯ ಮಾತುಕತೆ, ಜೀತ, ಕಾಡಿನ ದಾರಿ ಇವುಗಳ ಮೂಲಕ ಹೊರಬೀಳುತ್ತವೆ.

ವರ್ಗೀಕರಣದ ತೊಡಕು

ಹದಿಹರೆಯದ ಓದುಗರಿಗೆಂದೇ ಬರೆದ ಕಾದಂಬರಿ ಇಂಗ್ಲಿಷಿನಲ್ಲಿ ಪ್ರತ್ಯೇಕ ವರ್ಗವಾಗಿ ನೆಲೆಗೊಂಡದ್ದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ಅಮೆರಿಕದ ಎಸ್.ಇ. ಹಿಂಟನ್ ತಾನೇ ಹದಿಹರೆಯದಲ್ಲಿದ್ದಾಗ ಬರೆದ ‘ದಿ ಔಟ್‌ಸೈಡರ್ಸ್’ (1967) ಅದರ ಆರಂಭದ ಗುರುತಾಗಿ ಉಲ್ಲೇಖಗೊಳ್ಳುತ್ತದೆ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಪ್ರಕಟವಾದದ್ದೂ ಅದೇ ವರ್ಷ. ಅದರ ಕೇಂದ್ರದಲ್ಲಿರುವ ಜೋಡಿಗಳೆಲ್ಲ ಹರೆಯದವರೇ ಆದರೂ ಅದನ್ನು ಹದಿಹರೆಯದ ಕಾದಂಬರಿ ಎಂದು ಕರೆಯುವ ರೂಢಿಯಿಲ್ಲ. ಕನ್ನಡದ ಗ್ರಂಥಾಲಯ ಮತ್ತು ಪ್ರಕಾಶನ ವ್ಯವಹಾರದಲ್ಲಿ ಮಕ್ಕಳ ಸಾಹಿತ್ಯ ಒಂದು ಕಪಾಟು, ಉಳಿದ ಕಾದಂಬರಿ ಇನ್ನೊಂದು ಕಪಾಟು. ಎರಡನೆಯದರೊಳಗೆ ‘ಪ್ರಾದೇಶಿಕ’, ‘ಸಾಮಾಜಿಕ’, ‘ಮಹಿಳಾ’ ಎಂಬ ವಿಂಗಡಣೆಗಳಿವೆ. ಪಾತ್ರದ ವಯಸ್ಸಿಗೆ ಅಲ್ಲಿ ಜಾಗವಿಲ್ಲ.

ಪ್ರಶಸ್ತಿಗಳಿಂದ ಈ ತೊಡಕು ಬಗೆಹರಿದಿಲ್ಲ. ಕೇಂದ್ರ ಸಾಹಿತ್ಯ ಅಕಾಡೆಮಿ 2010ರಲ್ಲಿ ಬಾಲ ಸಾಹಿತ್ಯ ಪುರಸ್ಕಾರವನ್ನೂ 2011ರಲ್ಲಿ ಯುವ ಪುರಸ್ಕಾರವನ್ನೂ ಆರಂಭಿಸಿತು. ಎರಡನೆಯದರ ಹೆಸರು ಕೇಳಿ ಅದು ಯುವ ಓದುಗರ ಪುಸ್ತಕಗಳಿಗೆ ಸಲ್ಲುವಂಥದ್ದೆಂದು ಭಾವಿಸುವುದುಂಟು. ವಾಸ್ತವದಲ್ಲಿ ಅಲ್ಲಿ ಲೆಕ್ಕಕ್ಕೆ ಬರುವುದು ಬರೆದವರ ವಯಸ್ಸು (35ರೊಳಗೆ), ಓದುವವರದಲ್ಲ.

ಸ್ಥಳದ ಗೊಂದಲ

ಲೇಖಕರ ಊರು ಮತ್ತು ಕಥೆಯ ಊರು ಬೆರೆತುಹೋದ ನಿದರ್ಶನಗಳು ಈ ಭಾಗದಲ್ಲಿ ಹಲವು. ಕುವೆಂಪು 1904ರ ಡಿಸೆಂಬರ್ 29ರಂದು ಹುಟ್ಟಿದ್ದು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ತಾಯಿ ಸೀತಮ್ಮನವರ ತವರಿನಲ್ಲಿ. ಬೆಳೆದದ್ದು ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ. ಹೆರಿಗೆ, ಬಾಣಂತನಗಳಿಗೆ ಹೆಣ್ಣು ತವರಿಗೆ ಹೋಗುವ ವಾಡಿಕೆಯಿಂದಾಗಿ ಹೀಗಾಯಿತು. ಆದರೂ ಕುಪ್ಪಳಿಯೇ ಅವರ ಜನ್ಮಸ್ಥಳ ಎಂಬ ಮಾತು ಬಳಕೆಯಲ್ಲಿದೆ.

ಎಂ.ಕೆ. ಇಂದಿರಾ (1917–1994) ಅವರದು ಇದಕ್ಕೆ ವಿರುದ್ಧವಾದ ಪ್ರಸಂಗ. ಅವರು ಹುಟ್ಟಿದ್ದು ತೀರ್ಥಹಳ್ಳಿಯಲ್ಲಿ, ಸ್ವಂತ ಊರು ನರಸಿಂಹರಾಜಪುರ. ‘ತೀರ್ಥಹಳ್ಳಿಯ ಲೇಖಕಿ’ ಎಂಬ ಒಂದೇ ಸಾಲಿನ ಪರಿಚಯದಲ್ಲಿ ನರಸಿಂಹರಾಜಪುರ ಬಿಟ್ಟುಹೋಗುತ್ತದೆ. ಇನ್ನು ಕುವೆಂಪು ಅವರ ಕಾದಂಬರಿಗಳಲ್ಲಿ ಬರುವ ಕಾನೂರು, ಮುತ್ತಳ್ಳಿ ಮುಂತಾದ ಊರುಗಳನ್ನು ನಕ್ಷೆಯಲ್ಲಿ ಹುಡುಕುವವರಿದ್ದಾರೆ. ಮೇಗರವಳ್ಳಿಯಂಥ ನಿಜದ ಹೆಸರುಗಳೂ ಕಥೆಯಲ್ಲಿ ಬರುವುದರಿಂದ ಈ ಹುಡುಕಾಟ ಪೂರ್ತಿ ಅಸಂಗತವೂ ಅಲ್ಲ.

ಹಿನ್ನೆಲೆ

ಹುಡುಗನೊಬ್ಬನ ಬೆಳವಣಿಗೆಯನ್ನೇ ಕಥೆಯ ಬೆನ್ನೆಲುಬಾಗಿ ಇಟ್ಟುಕೊಂಡ ಆರಂಭದ ಕನ್ನಡ ಕೃತಿಗಳಲ್ಲಿ ಮಾಸ್ತಿಯವರ ‘ಸುಬ್ಬಣ್ಣ’ (1928) ಮುಖ್ಯವಾದುದು. ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ ಕರಾವಳಿಯ ಮೂರು ತಲೆಮಾರುಗಳ ಮೂಲಕ ಓದಿದ ಹುಡುಗ ಊರು ಬಿಡುವ, ಮರಳುವ ವೃತ್ತಾಂತವನ್ನು ನೆಲೆಗೊಳಿಸಿತು. ಓದು ಮನೆಯಿಂದ ದೂರ ಒಯ್ಯುತ್ತದೆ, ಜಮೀನು ಹಿಂದಕ್ಕೆ ಸೆಳೆಯುತ್ತದೆ ಎಂಬ ಈ ಎಳೆದಾಟವೇ ಮಲೆನಾಡಿನ ಕಾದಂಬರಿಗೂ ಆರಂಭಬಿಂದು.

‘ಕಾನೂರು ಹೆಗ್ಗಡಿತಿ’: ಯಾರ ಬೆಳವಣಿಗೆ?

‘ಕಾನೂರು ಸುಬ್ಬಮ್ಮ ಹೆಗ್ಗಡಿತಿ’ ಎಂಬ ಹೆಸರಿನಿಂದಲೂ ಪರಿಚಿತವಾಗಿರುವ ಕುವೆಂಪು ಅವರ ಈ ಕಾದಂಬರಿ (1936) ಮೈಸೂರಿನಲ್ಲಿ ಓದುತ್ತಿರುವ ಹೂವಯ್ಯ, ರಾಮಯ್ಯ ರಜೆಗೆ ಊರಿಗೆ ಬರುವುದರಿಂದ ಆರಂಭವಾಗುತ್ತದೆ. ದಾರಿಯಲ್ಲಿ ಗಾಡಿ ಉರುಳಿ ಹೂವಯ್ಯನ ಬೆನ್ನಿಗೆ ಪೆಟ್ಟಾಗುತ್ತದೆ. ಆ ಒಂದು ಪೆಟ್ಟಿನಿಂದ ಮುಂದಿನದೆಲ್ಲ ಹುಟ್ಟುತ್ತದೆ: ಮುತ್ತಳ್ಳಿಯಲ್ಲಿ ಮಲಗಬೇಕಾದ ಹೂವಯ್ಯ ಅಲ್ಲಿನ ಹುಡುಗಿ ಸೀತೆಗೆ ಹತ್ತಿರವಾಗುತ್ತಾನೆ, ಮೈಸೂರಿನ ಓದು ನಿಲ್ಲುತ್ತದೆ, ಚಿಕ್ಕಪ್ಪ ಚಂದ್ರೇಗೌಡರೊಡನೆ ಸಂಬಂಧ ಹದಗೆಟ್ಟು ಮನೆ ಪಾಲಾಗುತ್ತದೆ, ಅವನು ಕೆಳಕಾನೂರಿನಲ್ಲಿ ಬೇರೆ ಒಲೆ ಹೂಡುತ್ತಾನೆ. ಅದೇ ಗಾಡಿಯಲ್ಲಿ ಬಂದ ರಾಮಯ್ಯನಿಗೂ ಅಷ್ಟೇ ಓದಿದೆ, ಅದೇ ಆಸೆಯಿದೆ. ತಂದೆಯ ಇಚ್ಛೆಗೆ ಎದುರು ನಿಲ್ಲಲಾರದೆ ಅವನು ಕುಗ್ಗುತ್ತಾನೆ. ಒಂದೇ ಹಿನ್ನೆಲೆಯ ಇಬ್ಬರನ್ನು ಅಕ್ಕಪಕ್ಕ ನಿಲ್ಲಿಸಿ ಒಬ್ಬನ ಸ್ವಭಾವವನ್ನು ಇನ್ನೊಬ್ಬನಿಂದ ಕಾಣಿಸುವ ಈ ತಂತ್ರ ಮುಂದೆ ಈ ಸೀಮೆಯ ಕಥನದಲ್ಲಿ ಮತ್ತೆ ಮತ್ತೆ ಬಳಕೆಯಾಯಿತು.

ಕಾದಂಬರಿಯ ನಾಯಕ ಹೂವಯ್ಯನೇ ಎಂಬುದು ಸಾಮಾನ್ಯ ನಿಲುವು. ಶೀರ್ಷಿಕೆಯಾದರೋ ಸುಬ್ಬಮ್ಮನದು. ಬಡಮನೆಯ ಈ ಹುಡುಗಿ ಚಂದ್ರೇಗೌಡರ ಮೂರನೆಯ ಹೆಂಡತಿಯಾಗಿ ದೊಡ್ಡ ಮನೆ ಸೇರುತ್ತಾಳೆ. ಜಗಳಗಂಟಿಯಾಗಿ, ಗಂಡನ ಹೊಡೆತ ತಿನ್ನುವವಳಾಗಿ, ಗಂಡ ಸತ್ತ ಮೇಲೆ ಬೀಗದ ಕೈ ಹಿಡಿದ ಯಜಮಾನಿಯಾಗಿ, ಕೊನೆಗೆ ಬಸಿರು ಇಳಿಸಿಕೊಳ್ಳಲು ಹೋಗಿ ಸಾಯುವವಳಾಗಿ ಕಾಣಿಸಿಕೊಳ್ಳುತ್ತಾಳೆ. ಬೆಳವಣಿಗೆ ಎಂದರೆ ಆದರ್ಶದತ್ತ ಏರುವುದು ಎಂದು ಹಿಡಿದರೆ ಹೂವಯ್ಯ ಮುಂದಿದ್ದಾನೆ. ಮೊದಲ ಪುಟಕ್ಕೂ ಕೊನೆಯ ಪುಟಕ್ಕೂ ನಡುವೆ ಪಾತ್ರ ಎಷ್ಟು ಬದಲಾಯಿತು ಎಂದು ಅಳೆದರೆ ಸುಬ್ಬಮ್ಮನ ಪಲ್ಲಟವೇ ದೊಡ್ಡದು. ಹೂವಯ್ಯನ ಅನೇಕ ಗುಣಗಳು ಗಾಡಿಯಿಂದ ಇಳಿಯುವಾಗಲೇ ಅವನಲ್ಲಿವೆ. ಸನ್ನಿವೇಶಗಳು ಅವನ್ನು ಅನಾವರಣ ಮಾಡುತ್ತವೆ. ಗಿರೀಶ ಕಾರ್ನಾಡರು 1999ರಲ್ಲಿ ಇದನ್ನು ಚಲನಚಿತ್ರವಾಗಿಸಿ ಚಂದ್ರೇಗೌಡರ ಪಾತ್ರವನ್ನು ತಾವೇ ವಹಿಸಿದರು.

ಓಡಿಹೋಗುವವರು

‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ ಶಾಲೆಯ ಸ್ಥಾನವನ್ನು ಕಾಡಿನ ದಾರಿ ವಹಿಸಿಕೊಳ್ಳುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ನಡೆಯುವ ಈ ಕಥೆಯಲ್ಲಿ ಹರೆಯದವರು ಒಬ್ಬರಾದ ಮೇಲೊಬ್ಬರು ಮನೆ ಬಿಟ್ಟು ಓಡುತ್ತಾರೆ. ಸಿಂಬಾವಿಯ ಜೀತದಾಳು ಗುತ್ತಿ, ಬೇರೊಬ್ಬನಿಗೆ ಗೊತ್ತಾಗಿದ್ದ ಬೆಟ್ಟಳ್ಳಿಯ ತಿಮ್ಮಿಯನ್ನು ಹಾರಿಸಿಕೊಂಡು ಹೋಗುತ್ತಾನೆ. ಹೂವಳ್ಳಿಯ ಚಿನ್ನಮ್ಮ ತನಗೆ ಬೇಡದ ಮದುವೆಯ ಹೊತ್ತಿನಲ್ಲೇ ರಾತ್ರಿಯ ಕಾಡಿಗೆ ನಡೆದು ತಾನೊಲಿದ ಮುಕುಂದಯ್ಯನನ್ನು ಸೇರುತ್ತಾಳೆ. ಅದುವರೆಗೆ ಅಜ್ಜಿಯ ಮಡಿಲಿನ ಮೆತ್ತನೆಯ ಹುಡುಗಿಯಂತೆ ಕಂಡಿದ್ದ ಚಿನ್ನಮ್ಮನ ಗಟ್ಟಿತನ ತಿಳಿಯುವುದು ಆ ಕತ್ತಲ ಏರುದಾರಿಯಲ್ಲಿ.

ಗುತ್ತಿಯ ವಿಷಯದಲ್ಲಿ ಕುವೆಂಪು ಬೇರೆ ಉಪಾಯ ಹೂಡಿದ್ದಾರೆ. ತನ್ನ ಒಳಗನ್ನು ಮಾತಿನಲ್ಲಿ ಹೇಳಿಕೊಳ್ಳುವವನಲ್ಲ ಗುತ್ತಿ. ಅವನ ಮಮತೆ, ಹಟ, ಹೆದರಿಕೆ ಎಲ್ಲವೂ ಹುಲಿಯ ಎಂಬ ನಾಯಿಯೊಡನೆ ಅವನು ನಡೆದುಕೊಳ್ಳುವ ರೀತಿಯಲ್ಲಿ ಕಾಣುತ್ತವೆ. ಊರವರು ಅವನನ್ನು ನಾಯಿಗುತ್ತಿ ಎಂದೇ ಕರೆಯುತ್ತಾರೆ. ಕಡೆಗೆ ಹುಲಿಯ ತುಂಗೆಯ ಪ್ರವಾಹದಲ್ಲಿ ಕೊಚ್ಚಿಹೋದಾಗ, ಬಿಡುಗಡೆಗಾಗಿ ಈ ಹುಡುಗ ತೆತ್ತದ್ದೆಷ್ಟು ಎಂಬುದು ಓದುಗರಿಗೆ ಅರಿವಾಗುತ್ತದೆ. ಜೀತದ ಹುಡುಗನಿಗೂ ಗೌಡರ ಮಗನಿಗೂ ಕಥೆಯಲ್ಲಿ ಸಮಾನ ಅವಕಾಶ ಕೊಟ್ಟದ್ದು ಮೂವತ್ತೊಂದು ವರ್ಷಗಳ ಹಿಂದಿನ ‘ಕಾನೂರು’ ಕೃತಿಗಿಂತ ಮುಂದಕ್ಕೆ ಇಟ್ಟ ದೊಡ್ಡ ಹೆಜ್ಜೆ. 2010ರಲ್ಲಿ ಮೈಸೂರಿನ ರಂಗಾಯಣ ಸಿ. ಬಸವಲಿಂಗಯ್ಯನವರ ನಿರ್ದೇಶನದಲ್ಲಿ ಇದನ್ನು ಇಡೀ ರಾತ್ರಿಯ ಪ್ರಯೋಗವಾಗಿ ರಂಗಕ್ಕೆ ತಂದಿತು.

ಮನೆಯೊಳಗೇ ಉಳಿದವರು

ಎಂ.ಕೆ. ಇಂದಿರಾ ಅವರಿಗೆ ಸಿಕ್ಕ ಶಾಲಾ ಶಿಕ್ಷಣ ಏಳು ವರ್ಷದ್ದು, ಹನ್ನೆರಡಕ್ಕೆ ಮದುವೆ. ಕಾದಂಬರಿ ಬರೆಯತೊಡಗಿದ್ದು ನಲವತ್ತು ದಾಟಿದ ಮೇಲೆ; ಮೊದಲನೆಯದು ‘ತುಂಗಭದ್ರಾ’ (1963). ‘ಫಣಿಯಮ್ಮ’ (1976) ಅವರ ಹಿರಿಯ ಬಂಧುವೊಬ್ಬರ ನಿಜ ಜೀವನವನ್ನು ಆಧರಿಸಿದೆ. ಮೈನೆರೆಯುವ ಮೊದಲೇ ವಿಧವೆಯಾದ ಹುಡುಗಿ, ಮೈನೆರೆದ ಮೇಲೆ ತಲೆ ಬೋಳಿಸಿಕೊಂಡು ಮಡಿಹೆಂಗಸಾಗಿ ತುಂಬು ಮನೆಯಲ್ಲಿ ಇಡೀ ಆಯುಷ್ಯ ಕಳೆಯುತ್ತಾಳೆ. ಇಲ್ಲಿ ಹರೆಯ ಎಂಬ ಘಟ್ಟವನ್ನೇ ಅಳಿಸಿಹಾಕಲಾಗಿದೆ: ಮಗುತನದಿಂದ ನೇರವಾಗಿ ಮುಪ್ಪಿಗೆ.

ಈ ಪಾತ್ರ ಬೆಳೆಯುತ್ತದೆಯೋ, ಮೊದಲಿನಿಂದ ಕೊನೆಯವರೆಗೆ ಒಂದೇ ಆಗಿರುತ್ತದೆಯೋ ಎಂಬ ಪ್ರಶ್ನೆಗೆ ಎರಡು ಉತ್ತರಗಳು ಸಾಧ್ಯ. ಫಣಿ ಎದುರಾಡುವುದಿಲ್ಲ, ಮನೆ ಬಿಡುವುದಿಲ್ಲ, ಆಸೆ ತೋರುವುದಿಲ್ಲ. ಈ ದೃಷ್ಟಿಯಲ್ಲಿ ಅವಳದು ಸ್ಥಿರ ಪಾತ್ರ. ಆದರೆ ಮಡಿಯ ಕಟ್ಟುಪಾಡಿನೊಳಗೇ ಇದ್ದು ಕೆಳಜಾತಿಯ ಹೆಣ್ಣಿನ ಹೆರಿಗೆಗೆ ಕೈಕೊಡುವ ಪ್ರಸಂಗದಲ್ಲಿ, ಹೊರಗಿನಿಂದ ಕಾಣದಂತೆ ಅವಳ ವಿವೇಕ ಎಷ್ಟು ದೂರ ನಡೆದಿದೆ ಎಂಬುದು ಗೊತ್ತಾಗುತ್ತದೆ. ತಲೆ ಬೋಳಿಸಿಕೊಳ್ಳಲು ಒಪ್ಪದ ತರುಣ ವಿಧವೆ ದಾಕ್ಷಾಯಿಣಿಯನ್ನು ಎದುರಿಗೆ ತಂದು ಲೇಖಕಿ ಈ ವ್ಯತ್ಯಾಸವನ್ನು ಸ್ಪಷ್ಟಪಡಿಸುತ್ತಾರೆ. ಹಿರಿಯಳು ಅನುಭವಿಸಿದ್ದನ್ನು ಕಿರಿಯಳು ನಿರಾಕರಿಸುತ್ತಾಳೆ, ಹಿರಿಯಳು ಅವಳ ಪರ ನಿಲ್ಲುತ್ತಾಳೆ. ಪ್ರೇಮಾ ಕಾರಂತರು 1983ರಲ್ಲಿ ಈ ಕಾದಂಬರಿಯನ್ನು ಚಿತ್ರವಾಗಿಸಿದರು. ತೇಜಸ್ವಿನಿ ನಿರಂಜನ ಇಂಗ್ಲಿಷಿಗೆ ಅನುವಾದಿಸಿದರು.

ಅಗ್ರಹಾರದ ಹುಡುಗನ ಕಣ್ಣಿನಲ್ಲಿ ವಿಧವೆಯೊಬ್ಬಳ ಬಹಿಷ್ಕಾರವನ್ನು ನಿರೂಪಿಸುವ ಯು.ಆರ್. ಅನಂತಮೂರ್ತಿಯವರ ‘ಘಟಶ್ರಾದ್ಧ’ ಸಣ್ಣಕಥೆಯಾದ್ದರಿಂದ ಈ ಲೇಖನದ ಹೊರಗೆ ನಿಲ್ಲುತ್ತದೆ. ಗಿರೀಶ ಕಾಸರವಳ್ಳಿ ಅದನ್ನು 1977ರಲ್ಲಿ ಚಿತ್ರವಾಗಿಸಿದರು.

ಬದಲಾಗದ ಮಂದಣ್ಣ

ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಮೂಡಿಗೆರೆ ಸೀಮೆಯದು. ಜೇನು ಹಿಡಿಯುತ್ತ ಅಲೆಯುವ ಮಂದಣ್ಣ ಊರವರ ಕಣ್ಣಿಗೆ ಕೆಲಸಕ್ಕೆ ಬಾರದ ಹುಡುಗ. ನಿರೂಪಕನಿಗೂ ಹಾಗೆಯೇ ಕಾಣುತ್ತಾನೆ. ವಿಜ್ಞಾನಿ ಕರ್ವಾಲೊ ಅವನನ್ನು ಅಪರೂಪದ ಪ್ರಕೃತಿ ವೀಕ್ಷಕನೆಂದು ಗೌರವಿಸಿದಾಗ ನಿರೂಪಕ ತಬ್ಬಿಬ್ಬಾಗುತ್ತಾನೆ. ಕಥೆ ಸಾಗಿದಂತೆ ಮಂದಣ್ಣ ಮದುವೆಯಾಗುತ್ತಾನೆ, ಕಳ್ಳಭಟ್ಟಿಯ ಕೇಸಿಗೆ ಸಿಕ್ಕಿಬೀಳುತ್ತಾನೆ, ಹಾರುವ ಓತಿಯ ಹುಡುಕಾಟಕ್ಕೆ ಕಣ್ಣಾಗುತ್ತಾನೆ. ಇಷ್ಟಾದರೂ ಅವನ ಸ್ವಭಾವ ಬದಲಾಗುವುದಿಲ್ಲ. ಬದಲಾಗುವುದು ಅವನ ಬಗೆಗಿನ ನಿರೂಪಕನ ತಿಳಿವಳಿಕೆ. ಹರೆಯದ ಪಾತ್ರ ದೊಡ್ಡವರಿಂದ ಕಲಿತು ಬೆಳೆಯಬೇಕೆಂಬ ಕ್ರಮ ಇಲ್ಲಿ ತಲೆಕೆಳಗಾಯಿತು. ‘ಚಿದಂಬರ ರಹಸ್ಯ’ (1985) ಕೆಸರೂರಿನ ಕ್ರಾಂತಿಕಾರಿ ಹುಡುಗರ ಗುಂಪನ್ನೂ ರಫಿ, ಜಯಂತಿಯರ ಪ್ರೇಮವನ್ನೂ ಚಿತ್ರಿಸಿ 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು.

ಹೋಲಿಕೆಗೆ ಕಾಸರಗೋಡಿನ ಕಯ್ಯೂರು ರೈತ ಹೋರಾಟದ ಮೇಲೆ ನಿರಂಜನ ಬರೆದ ‘ಚಿರಸ್ಮರಣೆ’ (1955) ಗಮನಾರ್ಹ. ಅಪ್ಪು, ಚಿರುಕಂಡ ಎಂಬ ಶಾಲಾ ಹುಡುಗರು ಮಾಸ್ತರರ ಪ್ರಭಾವದಲ್ಲಿ ಹೋರಾಟಗಾರರಾಗಿ ನೇಣಿನವರೆಗೆ ನಡೆಯುತ್ತಾರೆ. ಮಲೆನಾಡಿನ ಕಾದಂಬರಿಯಲ್ಲಿ ಮನೆತನ ಮಾಡುವ ಕೆಲಸವನ್ನು ಅಲ್ಲಿ ಸಂಘಟನೆ ಮಾಡುತ್ತದೆ. 1943ರಲ್ಲಿ ನಿಜವಾಗಿ ಗಲ್ಲಿಗೇರಿದವರು ನಾಲ್ವರು. ಐದನೆಯವನಿಗೆ ಅಪ್ರಾಪ್ತ ವಯಸ್ಸಿನ ಕಾರಣದಿಂದ ಮರಣದಂಡನೆ ತಪ್ಪಿತು.

ಇತ್ತೀಚಿನ ಹಂತ

2010ರ ನಂತರ ಹೊಸ ಬರವಣಿಗೆ ಹೆಚ್ಚಾಗಿ ಮಕ್ಕಳ ಸಾಹಿತ್ಯದ ಹೆಸರಿನಲ್ಲೇ ಗುರುತಿಸಿಕೊಂಡಿದೆ. ಬಾಲ ಸಾಹಿತ್ಯ ಪುರಸ್ಕಾರ ಪಡೆದ ಬೊಳುವಾರು ಮಹಮದ್ ಕುಂಞಿ ಅವರ ‘ಪಾಪು ಗಾಂಧಿ ಗಾಂಧಿ ಬಾಪು ಆದ ಕಥೆ’ (2010), ನಾ. ಡಿಸೋಜ ಅವರ ‘ಮುಳುಗಡೆಯ ಊರಿಗೆ ಬಂದವರು’ (2011), ತಮ್ಮಣ್ಣ ಬೀಗಾರರ ‘ಬಾವಲಿ ಗುಹೆ’ (2022) ಈ ಸಾಲಿನವು. ಡಿಸೋಜರ ಕಥಾವಸ್ತು ಶರಾವತಿಯ ಮುಳುಗಡೆಯದಾದರೂ ಭದ್ರಾ ಹಿನ್ನೀರಿಗೆ ನೆಲ ಬಿಟ್ಟುಕೊಟ್ಟ ನರಸಿಂಹರಾಜಪುರದ ಕಡೆಯ ಓದುಗರಿಗೆ ಹೊಸದಲ್ಲ.

ಇನ್ನೊಂದೆಡೆ, ದೊಡ್ಡವರ ಕಪಾಟಿನ ಬರಹ ಪಠ್ಯಪುಸ್ತಕದ ದಾರಿಯಿಂದ ಹದಿಹರೆಯದವರನ್ನು ತಲುಪಿದೆ. ತೇಜಸ್ವಿಯವರ ‘ಕೃಷ್ಣೇಗೌಡನ ಆನೆ’ ದ್ವಿತೀಯ ಪಿಯುಸಿ ಕನ್ನಡ ಪಠ್ಯವಾದದ್ದು ಇದಕ್ಕೆ ಉದಾಹರಣೆ. ಹೀಗಾಗಿ ಈ ಸೀಮೆಯ ಹದಿಹರೆಯದ ಸಾಹಿತ್ಯದ ಪಟ್ಟಿ ಯಾವ ಅಳತೆ ಹಿಡಿಯುತ್ತೇವೆ ಎಂಬುದರ ಮೇಲೆ ನಿಂತಿದೆ. ಯಾರಿಗಾಗಿ ಬರೆದದ್ದು ಎಂದು ಕೇಳಿದರೆ ಅದು 2010ರ ಆಸುಪಾಸಿನಿಂದ ಆರಂಭವಾಗುವ ಸಣ್ಣ ಪಟ್ಟಿ. ಯಾರನ್ನು ಕುರಿತು ಬರೆದದ್ದು ಎಂದು ಕೇಳಿದರೆ ಹೂವಯ್ಯ, ಸುಬ್ಬಮ್ಮ, ಗುತ್ತಿ, ಚಿನ್ನಮ್ಮ, ಫಣಿ, ಮಂದಣ್ಣ ಎಲ್ಲರೂ ಅದರೊಳಗೆ ಸೇರುತ್ತಾರೆ.