ಮೈಸೂರಿನ ಮೃಗಾಲಯ: ಅರಸರದ್ದು ಜನರದ್ದಾದ ಬಗೆ

ಮಣ್ಣಗುಡ್ಡದಿಂದ ಮಡಿಕೇರಿ ದಾರಿಯಾಗಿ ಮೈಸೂರಿಗೆ ಹೋದಾಗಲೆಲ್ಲ ಒಂದು ದಿನವನ್ನು ಮೃಗಾಲಯಕ್ಕೆಂದೇ ತೆಗೆದಿರಿಸುತ್ತೇನೆ. ಮನೆಯ ಹತ್ತಿರವೇ ಪಿಲಿಕುಳವಿರುವಾಗ ಅಷ್ಟು ದೂರ ಹೋಗಿ ಹುಲಿ ನೋಡಬೇಕೇ ಎಂದು ಮನೆಯವರು ನಗುತ್ತಾರೆ. ಆದರೆ ಇತಿಹಾಸ ಪಾಠ ಮಾಡಿದ ಮಾಸ್ತರನಿಗೆ ಅಲ್ಲಿ ಹುಲಿಗಿಂತ ಹೆಚ್ಚಾಗಿ ಕಾಣಿಸುವುದು ಇಸವಿಗಳು.

ಹತ್ತನೆಯ ಚಾಮರಾಜೇಂದ್ರ ಒಡೆಯರು 1892ರಲ್ಲಿ ಸುಮಾರು 10 ಎಕರೆ ಜಾಗದಲ್ಲಿ ಇದನ್ನು ಆರಂಭಿಸಿದರು. ಆಗ ಅದು ಅರಮನೆಯ ಸ್ವತ್ತು. ಅದರ ಬೆಳವಣಿಗೆಯನ್ನು ನೋಡುವ ಭಾಗ್ಯ ಅರಸರಿಗಿರಲಿಲ್ಲ. 1894ರ ಡಿಸೆಂಬರಿನಲ್ಲಿ ಕಲಕತ್ತೆಯಲ್ಲಿ ಅವರು ತೀರಿಕೊಂಡಾಗ ಇನ್ನೂ 31ರ ಪ್ರಾಯ. ಮಗ ನಾಲ್ವಡಿ ಕೃಷ್ಣರಾಜ ಒಡೆಯರು ಹತ್ತು ವರ್ಷದ ಬಾಲಕರು. ತಾಯಿ ವಾಣಿವಿಲಾಸ ಸನ್ನಿಧಾನದವರು ರಾಜ್ಯಭಾರ ನಡೆಸಿ, 1902ರಲ್ಲಿ ಮಗನಿಗೆ ಅಧಿಕಾರ ಒಪ್ಪಿಸಿದರು. ಮೃಗಾಲಯದ ಬಾಗಿಲು ಸಾರ್ವಜನಿಕರಿಗೆ ತೆರೆದದ್ದೂ ಅದೇ 1902ರಲ್ಲಿ. ಶ್ರೀ ಚಾಮರಾಜೇಂದ್ರ ಮೃಗಾಲಯವೆಂಬ ಹೆಸರು ಬಂದದ್ದು 1909ರಲ್ಲಿ.

ಇಲ್ಲಿ ಒಂದು ಮಾತನ್ನು ಹೇಳಲೇಬೇಕು. ಜರ್ಮನ್ ಉದ್ಯಾನತಜ್ಞ ಕ್ರುಂಬಿಗಲ್ ಅವರು 1892ರಲ್ಲೇ ಈ ತೋಟವನ್ನು ರೂಪಿಸಿದರೆಂದು ಎಲ್ಲೆಡೆ ಬರೆಯುತ್ತಾರೆ. ಆದರೆ ಅವರು ಭಾರತಕ್ಕೆ ಬಂದದ್ದೇ 1893ರಲ್ಲಿ, ಅದೂ ಬರೋಡಾ ಸಂಸ್ಥಾನಕ್ಕೆ. ಮೈಸೂರು ಸಂಸ್ಥಾನದ ಸೇವೆಗೆ ಸೇರಿದ್ದು 1908ರಲ್ಲಿ. ಹಾಗಿದ್ದಮೇಲೆ ಅವರ ಕೈ ಇಲ್ಲಿ ತಾಗಿದ್ದು ಹೊಸ ಹೆಸರು ಬಂದ ಆಸುಪಾಸಿನಲ್ಲೋ, ಆ ಬಳಿಕವೋ ಇರಬೇಕೆಂದು ನನ್ನ ಊಹೆ. ಒಬ್ಬ ಅರಸ, ಒಬ್ಬ ತಜ್ಞ, ಒಂದು ಇಸವಿ ಎಂದು ಬರೆದರೆ ನೆನಪಿಡಲು ಸುಲಭ, ನಿಜ. ಪರೀಕ್ಷೆಯಲ್ಲಿ ಹಾಗೆ ಬರೆದವರಿಗೆ ನಾನು ಅಂಕ ಕೊಡುತ್ತಿರಲಿಲ್ಲವೆಂಬುದು ನಿಮಗೆ ಗೊತ್ತೇ ಇದೆ.

ಸ್ವಾತಂತ್ರ್ಯಾನಂತರ ಮೃಗಾಲಯ ಸರ್ಕಾರದ ಇಲಾಖೆಗಳ ಕೈಗೆ ಬಂತು. 1979ರಲ್ಲಿ ಅದಕ್ಕೆಂದೇ ಪ್ರಾಧಿಕಾರವೊಂದು ರಚನೆಯಾಯಿತು. ಅದರೊಂದಿಗೆ ಕೇಳಬೇಕಾದ ಪ್ರಶ್ನೆಯೂ ಬದಲಾಯಿತು. ನೋಡುವವರು ಯಾರು ಎಂಬ ಪ್ರಶ್ನೆ 1902ರಲ್ಲೇ ತೀರ್ಮಾನವಾಗಿತ್ತು. ನೋಡಿಸಿಕೊಳ್ಳುವ ಜೀವಿಯ ಪಾಡೇನು ಎಂಬುದು ಉಳಿಯಿತು. ಜರ್ಮನಿಯ ಹಾಗೆನ್‌ಬೆಕ್ 1907ರಲ್ಲಿ ಹ್ಯಾಂಬರ್ಗಿನ ಬಳಿ ಸರಳುಗಳ ಬದಲು ಕಂದಕ ತೋಡಿ ಪ್ರಾಣಿಗಳನ್ನು ಬಯಲಲ್ಲಿ ತೋರಿಸಿದ. ಮೈಸೂರಿನಲ್ಲಿಯೂ ಇಂದು ಹುಲಿ ಸಿಂಹಗಳಿಗೂ ನಮಗೂ ನಡುವೆ ಇರುವುದು ಅಂಥ ಕಂದಕಗಳೇ.

ಆದರೆ ಒಂಟಿತನಕ್ಕೆ ಕಂದಕ ಮದ್ದಲ್ಲ. ಡಬ್ಲಿನ್ ಮೃಗಾಲಯದಿಂದ ಬಂದಿದ್ದ ಪೋಲೊ ಎಂಬ ಗಂಡು ಗೊರಿಲ್ಲಾ ಇಲ್ಲಿ ವರ್ಷಗಟ್ಟಲೆ ಜೊತೆಯಿಲ್ಲದೆ ಬದುಕಿ 2014ರಲ್ಲಿ ಸತ್ತಿತು. ಅದರ ಎದುರು ನಿಂತು ಜನ ಕೂಗಿ ಕರೆಯುತ್ತಿದ್ದುದು ನನಗೆ ಸಹಿಸದ ಸಂಗತಿ. ಗುಂಪಿನಲ್ಲಿ ಬಾಳುವ ಪ್ರಾಣಿಯನ್ನು ಒಂಟಿಯಾಗಿ ಇರಿಸುವುದಾದರೆ ಇರಿಸದಿರುವುದೇ ಮೇಲು ಎಂದು ಅಂದೂ ಅಂದುಕೊಂಡಿದ್ದೆ, ಇಂದೂ ಅದೇ ಅಭಿಪ್ರಾಯ. 2021ರಲ್ಲಿ ಜರ್ಮನಿಯಿಂದ ಥಾಬೊ ಮತ್ತು ಡೆಂಬಾ ಎಂಬ ಗೊರಿಲ್ಲಾಗಳು ಬಂದವು. ಈ ಬಾರಿ ತಂದದ್ದು ಎರಡನ್ನು.

ಹೋಗುವವರು ಮಂಗಳವಾರ ಬಿಟ್ಟು ಹೋಗಿ, ಅಂದು ರಜೆ. ಪಕ್ಕದ ಕಾರಂಜಿ ಕೆರೆಗೂ ಒಂದು ಗಂಟೆ ಇಟ್ಟುಕೊಳ್ಳಿ.